ಕಡಲನ್ನು ಕಂಡ ಕಾದಂಬರಿಕಾರ

ಜೂಲ್ಸ್ ವರ್ನ್‌ನ ಹೆಸರನ್ನು ಕೇಳದ ವಿಜ್ಞಾನದ ವಿದ್ಯಾರ್ಥಿ ವಿರಳ. ಜಲಾಂತರ್ಗಾಮಿ ನೌಕೆಯನ್ನೂ ಚಂದ್ರಯಾನವನ್ನೂ ಅವು ಬರುವುದಕ್ಕೆ ಎಷ್ಟೋ ಮೊದಲೇ ಮನಸ್ಸಿನಲ್ಲಿ ಕಂಡ ದಿವ್ಯದೃಷ್ಟಿಯ ಪುರುಷನೆಂದು ಅವನನ್ನು ಸಭೆಗಳಲ್ಲಿ ಕೊಂಡಾಡುವುದುಂಟು. ಫ್ರಾನ್ಸಿನ ಯಾವುದೋ ಊರಿನಲ್ಲಿ, ಕಿಟಕಿಯ ಬಳಿ ಮೇಜಿನ ಮುಂದೆ ಕುಳಿತು, ಅರೆಗಣ್ಣು ಮುಚ್ಚಿ, ಮುಂಬರುವ ಶತಮಾನವನ್ನು ಕಾಗದದ ಮೇಲೆ ಇಳಿಸಿದವನು ಎಂಬುದೇ ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಚಿತ್ರ. ಈ ಹೊಗಳಿಕೆಯಿಂದ ವರ್ನ್‌ನಿಗೆ ಅನ್ಯಾಯವಾಗಿದೆಯೆಂದೂ, ಅದನ್ನು ನಂಬುವ ಎಳೆಯರಿಗೆ ಅದಕ್ಕಿಂತ ಹೆಚ್ಚಿನ ಕೆಡುಕಾಗುತ್ತಿದೆಯೆಂದೂ ನನ್ನ ಅಭಿಪ್ರಾಯ. ವರ್ನ್ ಪ್ರವಾದಿಯಲ್ಲ. ಅವನು ಪ್ರಯಾಣಿಕ, ಕಂಡುದನ್ನು ಗುರುತು ಹಾಕಿಕೊಳ್ಳುವವನು, ತಿಳಿದವರನ್ನು ಬೆಂಬಿಡದೆ ಕೇಳುವವನು. ಅವನ ಕಥೆಗಳು ಎಲ್ಲೆಲ್ಲಿ ಗಟ್ಟಿಯಾಗಿ ನಿಂತಿವೆಯೋ ಅಲ್ಲೆಲ್ಲ ಅವನ ಕಣ್ಣೋ ಕೈಯೋ ಒಮ್ಮೆ ಹೋಗಿ ಬಂದಿರುವುದನ್ನು ತೋರಿಸಬಹುದು.

೧೮೬೭ನೆಯ ಮಾರ್ಚಿ ತಿಂಗಳ ಕೊನೆಯಲ್ಲಿ ಅವನು ತನ್ನ ತಮ್ಮ ಪಾಲ್‌ನೊಡನೆ ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೊರಟನು. ಹತ್ತಿದ ಹಡಗು ಸಾಮಾನ್ಯವಾದುದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ‘ಗ್ರೇಟ್ ಈಸ್ಟರ್ನ್’. ೨೧೧ ಮೀಟರ್ ಉದ್ದ. ಪಕ್ಕಗಳಲ್ಲಿ ದೊಡ್ಡ ಗಾಲಿಗಳು, ಹಿಂದೆ ತಿರುಪುಚಕ್ರ, ಸಾಲದುದಕ್ಕೆ ಹಾಯಿಗಳು ಬೇರೆ. ಅಂದಿನ ಲೋಕದಲ್ಲಿ ಅದಕ್ಕಿಂತ ದೊಡ್ಡ ಹಡಗಿರಲಿಲ್ಲ. ಪ್ರಯಾಣಿಕರನ್ನು ಸಾಗಿಸಿ ಹಣ ಗಳಿಸುವುದರಲ್ಲಿ ಅದು ಸೋತಿತಾದರೂ ಬೇರೊಂದು ಕೆಲಸಕ್ಕೆ ಒದಗಿಬಂದಿತು. ಯೂರೋಪಿಗೂ ಅಮೆರಿಕಕ್ಕೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಬೇಕಾದಾಗ, ಸಾವಿರಾರು ಟನ್ನು ತೂಗುವ ಆ ತಂತಿಯನ್ನೆಲ್ಲ ಹೊಟ್ಟೆಯಲ್ಲಿ ಹೊತ್ತು ಸಾಗಬಲ್ಲ ಹಡಗು ಅದೊಂದೇ. ೧೮೬೫ರಲ್ಲಿ ತಂತಿ ನಡುಗಡಲಿನಲ್ಲಿ ಕಡಿದುಹೋಯಿತು. ಮರುವರ್ಷ ಹೊಸ ತಂತಿಯನ್ನು ದಡ ಮುಟ್ಟಿಸಿದ್ದಲ್ಲದೆ, ಸುಮಾರು ನಾಲ್ಕು ಕಿಲೋಮೀಟರ್ ಆಳದಲ್ಲಿ ಬಿದ್ದಿದ್ದ ಹಳೆಯ ತುದಿಯನ್ನು ಕೊಕ್ಕೆ ಹಾಕಿ ಮೇಲೆತ್ತಿ ಜೋಡಿಸಿದರು. ಆ ಸಾಹಸದ ಕಾಲದಲ್ಲಿ ಹಡಗನ್ನು ನಡೆಸಿದ ಕಪ್ತಾನ ಆಂಡರ್ಸನ್ನನೇ ವರ್ನ್ ಪ್ರಯಾಣ ಮಾಡಿದಾಗಲೂ ಕಪ್ತಾನನಾಗಿದ್ದನು.

ಸುಮಾರು ಹದಿನಾಲ್ಕು ದಿನಗಳ ಪ್ರಯಾಣ. ಅಮೆರಿಕದಲ್ಲಿ ಅವನು ಇದ್ದದ್ದು ಒಂದು ವಾರ ಮಾತ್ರ. ನಯಾಗರ ಜಲಪಾತವನ್ನು ನೋಡಿಕೊಂಡು ಅದೇ ಹಡಗಿನಲ್ಲಿ ಹಿಂದಿರುಗಿದನು. ಪ್ರವಾಸವೆಂದರೆ ಊರುಗಳ ಹೆಸರನ್ನು ಎಣಿಸುವುದು ಎಂದುಕೊಂಡವರಿಗೆ ಇದು ಅಲ್ಪವೆನಿಸಬಹುದು. ಆದರೆ ಅವನಿಗೆ ಬೇಕಾಗಿದ್ದುದು ಹಡಗೇ. ೧೮೭೧ರಲ್ಲಿ ಅದನ್ನೇ ಕಥಾಸ್ಥಾನವಾಗಿ ಮಾಡಿಕೊಂಡು ‘ತೇಲುವ ನಗರ’ ಎಂಬ ಪುಸ್ತಕವನ್ನು ಬರೆದನು. ಅದಕ್ಕಿಂತ ಮೊದಲು, ೧೮೬೯–೭೦ರಲ್ಲಿ ಬಂದ ‘ಸಾಗರದಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ ಎಂಬ ಪ್ರಸಿದ್ಧ ಕಾದಂಬರಿಯಲ್ಲಿ ಕಪ್ತಾನ ನೀಮೋನ ನೌಕೆ ಇದೇ ತಂತಿಯ ಜಾಡನ್ನು ಹಿಡಿದು ಕಡಲ ತಳದಲ್ಲಿ ಸಾಗುವ ಒಂದು ಭಾಗವಿದೆ. ತಂತಿಯ ಎಳೆಗಳು, ಅವುಗಳ ಸುತ್ತ ಗಟಾಪರ್ಚದ ಹೊದಿಕೆ, ತಂತಿ ಕಡಿದ ಬಗೆ, ಮತ್ತೆ ಹಾಸಿದ ಬಗೆ ಇವೆಲ್ಲ ಅಲ್ಲಿ ಬರುತ್ತವೆ. ಕಥೆಯ ಓಟಕ್ಕೆ ಈ ಭಾಗ ಅಗತ್ಯವೇ ಅಲ್ಲ. ಆದರೂ ಅದನ್ನು ಓದುವಾಗ ನೀಮೋನ ನೌಕೆಯೂ ಆ ತಂತಿಯಷ್ಟೇ ನಿಜವೆಂಬ ಭ್ರಮೆ ನಮ್ಮಲ್ಲಿ ಹುಟ್ಟುತ್ತದೆ. ಒಂದು ಸುಳ್ಳನ್ನು ನಿಲ್ಲಿಸಲು ಪಕ್ಕದಲ್ಲಿ ಹತ್ತು ನಿಜಗಳನ್ನು ಊರುಗೋಲಾಗಿ ಕೊಡುವುದು ಸಾಹಸ ಕಾದಂಬರಿಕಾರನ ಕಸುಬು. ಆ ಹತ್ತು ನಿಜಗಳನ್ನು ಅವನು ಎಲ್ಲಿಂದಾದರೂ ತರಲೇಬೇಕಷ್ಟೆ.

(ಇಲ್ಲಿ ಒಂದು ಮಾತು. ಇಪ್ಪತ್ತು ಸಾವಿರ ಲೀಗು ಎಂಬುದನ್ನು ಆಳವೆಂದು ತಿಳಿದವರು ಅನೇಕರಿದ್ದಾರೆ. ಫ್ರೆಂಚರ ಲೀಗು ನಾಲ್ಕು ಕಿಲೋಮೀಟರ್. ಇಪ್ಪತ್ತು ಸಾವಿರ ಲೀಗೆಂದರೆ ಎಂಬತ್ತು ಸಾವಿರ ಕಿಲೋಮೀಟರ್. ಅಷ್ಟು ಕೆಳಗಿಳಿದರೆ ಭೂಮಿಯ ಆ ಬದಿಯಿಂದ ಹೊರಬಿದ್ದು ಬಹಳ ದೂರ ಹೋಗಿರುತ್ತೇವೆ! ಅದು ನೀರಿನಡಿಯಲ್ಲಿ ಸಾಗಿದ ದಾರಿಯ ಉದ್ದ.)

ಆ ಕಾದಂಬರಿಯ ಬಹುಭಾಗವನ್ನು ಅವನು ಬರೆದದ್ದು ದೋಣಿಯಲ್ಲಿ. ೧೮೬೮ರಲ್ಲಿ ಅವನು ‘ಸೇಂಟ್ ಮೈಕೇಲ್’ ಎಂದು ಹೆಸರಿಟ್ಟ ಒಂದು ಮೀನುದೋಣಿಯ ಒಡೆಯನಾದನು. ಇಬ್ಬರು ನಾವಿಕರನ್ನು ಇಟ್ಟುಕೊಂಡು, ಪುಸ್ತಕಗಳನ್ನು ಗೂಡಿನೊಳಗೆ ತುಂಬಿಕೊಂಡು ಫ್ರಾನ್ಸಿನ ಉತ್ತರ ತೀರದಲ್ಲಿ ಓಡಾಡುತ್ತ ಬರೆದನು. ಮುಂದೆ ಹಣ ಬಂದಂತೆ ಅದೇ ಹೆಸರಿನ ಎರಡನೆಯದನ್ನೂ, ಕೊನೆಗೆ ಉಗಿಯಿಂದ ನಡೆಯುವ ಮೂರನೆಯದನ್ನೂ ಕೊಂಡನು. ಸ್ಕಾಟ್ಲೆಂಡ್, ಬಾಲ್ಟಿಕ್, ಮೆಡಿಟರೇನಿಯನ್ ಎಂದು ಅವನ ಓಡಾಟಗಳು ಬೆಳೆದವು. ಗಾಳಿ ಯಾವ ಕಡೆಗೆ ತಿರುಗಿದರೆ ಯಾವ ಹಾಯಿಯನ್ನು ಇಳಿಸಬೇಕೆಂಬುದು ಅವನಿಗೆ ಪುಸ್ತಕದ ಮಾತಾಗಿರಲಿಲ್ಲ. ೧೮೬೩ರಲ್ಲಿ ಫ್ರೆಂಚ್ ನೌಕಾಪಡೆಯು ಒತ್ತಿ ತುಂಬಿದ ಗಾಳಿಯ ಬಲದಿಂದ ನಡೆಯುವ ‘ಪ್ಲಾಂಜರ್’ ಎಂಬ ಜಲಾಂತರ್ಗಾಮಿಯನ್ನು ನೀರಿಗಿಳಿಸಿತ್ತು. ಅದರ ಮಾದರಿಯನ್ನು ೧೮೬೭ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದರು. ಆದುದರಿಂದ ಜಲಾಂತರ್ಗಾಮಿಯನ್ನು ವರ್ನ್ ‘ಮೊದಲೇ ಕಂಡನು’ ಎಂಬುದು ಸರಿಯಲ್ಲ. ಇದ್ದುದನ್ನು ನೋಡಿ, ಅದರ ಕೊರತೆ ಎಲ್ಲಿದೆಯೆಂದು ಯೋಚಿಸಿ, ಗಾಳಿಯ ಬದಲು ವಿದ್ಯುತ್ತನ್ನು ಇಟ್ಟನು. ಇದು ಎಂಜಿನಿಯರನ ನಡೆ. ಇದರಲ್ಲಿ ಪವಾಡವಿಲ್ಲ.

ಹಾಗಾದರೆ ಅವನ ಕೈ ಹೋಗದ ಕಡೆ ಏನಾಯಿತು? ನನಗೆ ಹೆಚ್ಚು ಪಾಠ ಕಲಿಸಿದ ಭಾಗವೇ ಇದು.

ಅದೇ ಕಾದಂಬರಿಯಲ್ಲಿ ನೀಮೋ ತನ್ನ ನೌಕೆಯನ್ನು ೧೬,೦೦೦ ಮೀಟರ್ ಆಳಕ್ಕೆ ಇಳಿಸುತ್ತಾನೆ. ನೀರಿನಲ್ಲಿ ಹತ್ತು ಮೀಟರಿಗೆ ಒಂದು ವಾಯುಮಂಡಲದ ಒತ್ತಡ ಏರುತ್ತದೆಂಬ ನಿಯಮದಂತೆ ಅಲ್ಲಿ ಒತ್ತಡ ೧,೬೦೦ ವಾಯುಮಂಡಲ ಎಂದು ವರ್ನ್ ಲೆಕ್ಕ ಕೊಡುತ್ತಾನೆ. ಲೆಕ್ಕ ಸರಿ, ಕಡಲು ಮಾತ್ರ ಅಷ್ಟು ಆಳವಿಲ್ಲ. ಲೋಕದ ಅತ್ಯಂತ ಆಳದ ತಾಣ ಪೆಸಿಫಿಕ್ ಸಾಗರದ ಮೇರಿಯಾನಾ ಕಂದಕದಲ್ಲಿದೆ, ಸುಮಾರು ೧೦,೯೦೦ ಮೀಟರ್. ಅಟ್ಲಾಂಟಿಕ್ ಎಲ್ಲಿಯೂ ೮,೫೦೦ ಮೀಟರನ್ನು ಮುಟ್ಟುವುದಿಲ್ಲ. ಇಷ್ಟು ದೊಡ್ಡ ತಪ್ಪು ಹೇಗೆ ಬಂದಿತು? ವರ್ನ್ ಸುಮ್ಮನೆ ಅಂಕಿಯನ್ನು ಹುಟ್ಟಿಸಲಿಲ್ಲ. ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ೧೪,೦೦೦ ಮೀಟರ್ ಹಗ್ಗ ಬಿಟ್ಟರೂ ತಳ ಸಿಗದ ಒಬ್ಬ ನೌಕಾಧಿಕಾರಿಯನ್ನೂ, ೧೫,೦೦೦ಕ್ಕೂ ಹೆಚ್ಚು ಬಿಟ್ಟು ಸೋತ ಇನ್ನೊಬ್ಬನನ್ನೂ ಅವನು ಹೆಸರು ಹೇಳಿ ಉದಾಹರಿಸುತ್ತಾನೆ. ಆ ವರದಿಗಳನ್ನು ಅವನು ನಂಬಿದನು.

ತಪ್ಪಿದ್ದುದು ಹಗ್ಗದಲ್ಲಿ. ಹಗ್ಗದ ತುದಿಗೆ ಗುಂಡನ್ನು ಕಟ್ಟಿ ಇಳಿಬಿಟ್ಟಾಗ, ಗುಂಡು ತಳ ಮುಟ್ಟಿದೊಡನೆ ಮೇಲೆ ಹಿಡಿದವನ ಕೈಗೆ ಎಳೆತ ಸಡಿಲವಾಗಬೇಕು. ಹತ್ತಿಪ್ಪತ್ತು ಮಾರು ಆಳದಲ್ಲಿ ಹಾಗೆಯೇ ಆಗುತ್ತದೆ. ಆದರೆ ಸಾವಿರಾರು ಮಾರು ಹಗ್ಗ ಹೊರಬಿದ್ದಾಗ ಆ ಹಗ್ಗದ ತೂಕವೇ ಗುಂಡಿನ ತೂಕವನ್ನು ಮರೆಸುವಷ್ಟಾಗುತ್ತದೆ. ನೀರಿನೊಳಗಣ ಪ್ರವಾಹಗಳೂ ಅದನ್ನು ಬಿಲ್ಲಿನಂತೆ ಬಾಗಿಸಿ ಪಕ್ಕಕ್ಕೆ ಸೆಳೆಯುತ್ತವೆ. ಗುಂಡು ಎಂದೋ ತಳ ಸೇರಿದ್ದರೂ ಹಗ್ಗ ಇಳಿಯುತ್ತಲೇ ಇರುತ್ತದೆ. ಇದಕ್ಕೆ ಕಂಡುಹಿಡಿದ ಉಪಾಯ ಬಹು ಸೊಗಸಾದುದು. ಪ್ರತಿ ನೂರು ಮಾರು ಹಗ್ಗ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತ ಹೋಗಬೇಕು. ಗುಂಡು ತಳ ಮುಟ್ಟಿದ ಕ್ಷಣದಿಂದ ಆ ಹೊತ್ತು ಥಟ್ಟನೆ ಹೆಚ್ಚುತ್ತದೆ, ಅಲ್ಲಿಯೇ ಆಳ. ಕೈಗೆ ತಿಳಿಯದುದನ್ನು ಗಡಿಯಾರ ತಿಳಿಸಿತು. ವರ್ನ್ ತನ್ನ ದೋಣಿಯಿಂದ ಆಳದ ಕಡಲಿಗೆ ಒಮ್ಮೆಯಾದರೂ ಉದ್ದನೆಯ ಹಗ್ಗವನ್ನು ಬಿಟ್ಟಿದ್ದರೆ ಆ ವರದಿಗಳ ಬಗ್ಗೆ ಅವನಿಗೆ ಸಂದೇಹ ಹುಟ್ಟುತ್ತಿತ್ತೆಂದು ನನಗೆ ತೋರುತ್ತದೆ.

ಇನ್ನು ಚಂದ್ರಯಾನ. ‘ಭೂಮಿಯಿಂದ ಚಂದ್ರನಿಗೆ’ ಬಂದದ್ದು ೧೮೬೫ರಲ್ಲಿ, ಅಮೆರಿಕದ ಪ್ರಯಾಣಕ್ಕೆ ಮೊದಲು. ಫ್ಲಾರಿಡಾದ ನೆಲದಲ್ಲಿ ೯೦೦ ಅಡಿ ಉದ್ದದ ಫಿರಂಗಿಯನ್ನು ಹೂಳಿ, ಅದರಿಂದ ಒಂದು ಟೊಳ್ಳು ಗುಂಡನ್ನು ಮೂವರು ಮನುಷ್ಯರೊಡನೆ ಚಂದ್ರನತ್ತ ಹಾರಿಸುತ್ತಾರೆ. ಗಣಿತಜ್ಞನಾಗಿದ್ದ ತನ್ನ ಬಂಧು ಗಾರ್ಸೆಯ ನೆರವಿನಿಂದ ವರ್ನ್ ಪಡೆದ ವೇಗ ಸೆಕೆಂಡಿಗೆ ೧೨,೦೦೦ ಗಜ, ಅಂದರೆ ಸುಮಾರು ೧೧ ಕಿಲೋಮೀಟರ್. ಭೂಮಿಯ ಸೆಳೆತದಿಂದ ಬಿಡಿಸಿಕೊಳ್ಳಲು ಬೇಕಾದುದು ೧೧.೨. ಗಣಿತ ಅಷ್ಟು ಚೆನ್ನಾಗಿದೆ! ಆದರೆ ಪ್ರೌಢಶಾಲೆಯಲ್ಲಿ ಕಲಿಯುವ ಸೂತ್ರವೊಂದನ್ನು ಇಲ್ಲಿ ಹಚ್ಚಿ ನೋಡಿರಿ. ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ೯೦೦ ಅಡಿ ಎಂದರೆ ೨೭೪ ಮೀಟರ್. ತಳ್ಳುವ ಬಲ ಕೊಳವೆಯ ಉದ್ದಕ್ಕೂ ಒಂದೇ ಸಮನಾಗಿತ್ತೆಂದು ಭಾವಿಸಿದರೆ ಗುರುತ್ವದ ಸುಮಾರು ೨೨,೪೦೦ ಪಾಲಿನಷ್ಟು ವೇಗೋತ್ಕರ್ಷ ಬರುತ್ತದೆ. ಅರವತ್ತು ಕಿಲೋಗ್ರಾಂ ತೂಗುವ ಮನುಷ್ಯ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಹೊತ್ತು ೧,೩೪೦ ಟನ್ನು ತೂಗುವನು. ಕೆಳಗೆ ನೀರಿನ ಮೆತ್ತೆಯನ್ನು ಹಾಸಿ ವರ್ನ್ ಅವರನ್ನು ಉಳಿಸಲು ಹವಣಿಸಿದ್ದಾನೆ. ಪಾಪ, ಆ ಮೂವರಲ್ಲಿ ಉಳಿಯುವುದು ಗುಂಡಿನ ತಳಕ್ಕೆ ಬಳಿದ ತೆಳುವಾದ ಲೇಪ ಮಾತ್ರ. ಕಾಗದದ ಮೇಲೆ ವೇಗವನ್ನು ಲೆಕ್ಕ ಹಾಕಿದವನು ಆ ವೇಗವನ್ನು ಮೈ ಹೇಗೆ ಪಡೆಯುತ್ತದೆಂದು ಕೇಳಿಕೊಳ್ಳಲಿಲ್ಲ.

ಭಾರತಕ್ಕೂ ವರ್ನ್ ಬರಲಿಲ್ಲ. ಕನ್ನಡಿಗರಿಗೆ ಇದರಲ್ಲೊಂದು ಸ್ವಾರಸ್ಯವಿದೆ. ೧೮೭೪–೭೫ರ ‘ರಹಸ್ಯದ್ವೀಪ’ದಲ್ಲಿ ಕಪ್ತಾನ ನೀಮೋ ತಾನು ಯಾರೆಂಬುದನ್ನು ಕೊನೆಗೆ ಬಯಲು ಮಾಡುತ್ತಾನೆ. ಅವನು ಬುಂದೇಲಖಂಡದ ರಾಜಪುತ್ರ ಡಕ್ಕಾರ್. ನಮ್ಮ ಟೀಪೂ ಸುಲ್ತಾನನ ಸೋದರಸಂಬಂಧದ ಮಗ! ಹತ್ತನೆಯ ವಯಸ್ಸಿನಲ್ಲಿ ಯೂರೋಪಿಗೆ ಹೋಗಿ, ಮೂವತ್ತರವರೆಗೆ ಅಲ್ಲಿದ್ದು, ೧೮೪೯ರಲ್ಲಿ ಮರಳಿದನೆಂದು ವರ್ನ್ ಹೇಳುತ್ತಾನೆ. ಹಾಗಿದ್ದರೆ ಅವನು ಹುಟ್ಟಿದ್ದು ೧೮೧೯ರ ಸುಮಾರಿಗೆ. ಟೀಪೂ ಶ್ರೀರಂಗಪಟ್ಟಣದಲ್ಲಿ ಮಡಿದದ್ದು ೧೭೯೯ರಲ್ಲಿ. ವರ್ಷಗಳನ್ನು ಎಳೆದಾಡಿ ಹೊಂದಿಸಬಹುದು. ಶ್ರೀರಂಗಪಟ್ಟಣದ ಮನೆತನಕ್ಕೂ ಬುಂದೇಲಖಂಡದ ರಾಜರಿಗೂ ನಂಟಸ್ತಿಕೆಯನ್ನು ಹೊಂದಿಸುವುದು ಕಷ್ಟ. ಕಡಲ ತಂತಿಯ ಹೊದಿಕೆಯನ್ನೂ ಬಿಡದೆ ವಿವರಿಸಿದ ಲೇಖಕ, ಕಾಣದ ದೇಶದ ವಿಷಯದಲ್ಲಿ ಮೈಸೂರನ್ನೂ ಬುಂದೇಲಖಂಡವನ್ನೂ ಒಂದೇ ಕೋಣೆಗೆ ಸೇರಿಸಿಬಿಟ್ಟನು. ಆಂಗ್ಲರ ಮೇಲೆ ಸಮರ ಸಾರಿದ ಭಾರತೀಯ ವಿಜ್ಞಾನಿಯೊಬ್ಬನನ್ನು ಆ ಕಾಲದಲ್ಲಿಯೇ ಕಥಾನಾಯಕನನ್ನಾಗಿ ಮಾಡಿದ್ದಕ್ಕಾಗಿ ನಾನಂತೂ ಅವನನ್ನು ಕ್ಷಮಿಸಿದ್ದೇನೆ.

ಕೈಯ ಅನುಭವವೆಂದರೆ ಏನೆಂಬುದನ್ನು ವರ್ನ್‌ನಿಗಿಂತಲೂ ಚೆನ್ನಾಗಿ ತೋರಿಸುವವನು ಅಮೆರಿಕದ ಹರ್ಮನ್ ಮೆಲ್ವಿಲ್. ವರ್ನ್ ಹಡಗಿನಲ್ಲಿ ಪ್ರಯಾಣಿಕನಾಗಿದ್ದನು, ದೋಣಿಯಲ್ಲಿ ಒಡೆಯನಾಗಿದ್ದನು, ಮೆಲ್ವಿಲ್ ಕೂಲಿಯಾಳು. ೧೮೪೧ರ ಜನವರಿಯಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ‘ಅಕುಶ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗನ್ನು ಸೇರಿ, ಒಂದೂವರೆ ವರ್ಷ ದುಡಿದು, ಪೆಸಿಫಿಕ್ಕಿನ ದ್ವೀಪವೊಂದರಲ್ಲಿ ಹಡಗನ್ನು ಬಿಟ್ಟು ಓಡಿಹೋದನು. ಹತ್ತು ವರ್ಷಗಳ ತರುವಾಯ ‘ಮಾಬಿ ಡಿಕ್’ ಬಂದಿತು. ಈಟಿಗೆ ಕಟ್ಟಿದ ಹಗ್ಗ ದೋಣಿಯಲ್ಲಿ ಹುಟ್ಟು ಹಾಕುವವರ ನಡುವೆ ಹೇಗೆ ಹಾದು ಹೋಗುತ್ತದೆ, ತಿಮಿಂಗಿಲ ಓಡತೊಡಗಿದಾಗ ಆ ಹಗ್ಗದ ಒಂದು ಸುರುಳಿ ಕಾಲಿಗೆ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೇ ಅವನು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಓದುವಾಗ ನಮ್ಮ ಕಾಲನ್ನು ನಾವು ಹಿಂದಕ್ಕೆಳೆದುಕೊಳ್ಳುತ್ತೇವೆ. ಅವನು ಓದಿಕೊಂಡವನೂ ಹೌದು. ೧೮೨೦ರಲ್ಲಿ ತಿಮಿಂಗಿಲವೊಂದು ‘ಎಸೆಕ್ಸ್’ ಎಂಬ ಹಡಗನ್ನು ಗುದ್ದಿ ಮುಳುಗಿಸಿದಾಗ ಬದುಕಿ ಬಂದ ಓವೆನ್ ಚೇಸನ ಪುಸ್ತಕವನ್ನು, ಚೇಸನ ಮಗನಿಂದಲೇ ನಡುಗಡಲಿನಲ್ಲಿ ಎರವಲು ಪಡೆದು ಓದಿದ್ದನು. ಆ ದುರಂತ ನಡೆದ ನೀರಿನ ಮೇಲೆಯೇ ತೇಲುತ್ತ ಅದನ್ನು ಓದಿದವನಿಗೆ ಅಕ್ಷರಗಳು ಬೇರೆ ಬಗೆಯಲ್ಲಿ ಕಂಡಿರಬೇಕು.

“ಕಾಲು ಹೊರಗಿಡದೆ ಸಾಹಸದ ಕಥೆ ಬರೆದವರಿಲ್ಲವೇ?” ಎಂದು ವಾಚಕರು ಕೇಳಬಹುದು. ಇದ್ದಾರೆ. ಇಟಲಿಯ ಎಮಿಲಿಯೊ ಸಾಲ್ಗಾರಿ ಬೋರ್ನಿಯೊ ದ್ವೀಪದ ಕಡಲುಗಳ್ಳರನ್ನೂ ಬಂಗಾಳದ ಸುಂದರಬನದ ಕಾಡನ್ನೂ ಪುಸ್ತಕಾಲಯದಲ್ಲಿ ಕುಳಿತೇ ಬರೆದನು. ಆಡ್ರಿಯಾಟಿಕ್ ಸಮುದ್ರದಿಂದಾಚೆಗೆ ಅವನು ಹೋದವನಲ್ಲ. ಲಕ್ಷಾಂತರ ಬಾಲಕರು ಅವನನ್ನು ಓದಿ ರೋಮಾಂಚನಗೊಂಡಿದ್ದಾರೆ. ಕಾನನ್ ಡಾಯ್ಲ್ ದಕ್ಷಿಣ ಅಮೆರಿಕವನ್ನು ಕಾಣದೆಯೇ ೧೯೧೨ರಲ್ಲಿ ‘ಕಳೆದುಹೋದ ಲೋಕ’ವನ್ನು ಬರೆದನು. ಆದರೆ ಡಾಯ್ಲ್ ಮನೆಯಲ್ಲಿ ಕುಳಿತವನಲ್ಲ. ೧೮೮೦ರಲ್ಲಿ, ಇನ್ನೂ ವೈದ್ಯವಿದ್ಯಾರ್ಥಿಯಾಗಿರುವಾಗಲೇ, ‘ಹೋಪ್’ ಎಂಬ ಬೇಟೆಯ ಹಡಗಿನಲ್ಲಿ ವೈದ್ಯನಾಗಿ ಆರ್ಕ್ಟಿಕ್ ಸಮುದ್ರಕ್ಕೆ ಹೋಗಿ, ಹಿಮದ ಹಲಗೆಗಳ ನಡುವೆ ಹಲವು ಸಲ ನೀರಿಗೆ ಬಿದ್ದು ಎದ್ದು ಬಂದವನು. ಒಂದು ಕಡೆ ಮೈಯೊಡ್ಡಿ ಕಲಿತ ಅಪಾಯವನ್ನು ಇನ್ನೊಂದು ಕಡೆಗೆ ಒಯ್ಯಬಹುದು. ಸಾಲ್ಗಾರಿಯನ್ನು ಮಾತ್ರ ನಾನು ಈ ವಾದದಿಂದ ಅಲ್ಲಗಳೆಯಲಾರೆ. ಅವನ ಹುರುಪು ನಿಜವಾದುದು. ಹದಿಮೂರನೆಯ ವಯಸ್ಸಿಗೆ ಅವನು ಸಾಕು. ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತೆ ತೆರೆದು ಓದಲು ಮೆಲ್ವಿಲ್ ಬೇಕಾಗುತ್ತಾನೆ.

ಭೌತವಿಜ್ಞಾನದ ಉಪನ್ಯಾಸಕನಿಗೆ ಈ ಕಾದಂಬರಿಗಳ ಗೊಡವೆ ಏಕೆ? ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ನಾನು ನೋಡುವ ಒಂದು ನೋಟ ಇದಕ್ಕೆ ಕಾರಣ. ಲೋಲಕವನ್ನು ತೂಗಿಬಿಟ್ಟು ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ನೀವೆಲ್ಲ ಬಲ್ಲಿರಿ. ಉತ್ತರ ೯೮೧ ಎಂದು ಪುಸ್ತಕದಲ್ಲಿದೆ. ಅನೇಕರ ರೆಕಾರ್ಡಿನಲ್ಲಿಯೂ ಅಚ್ಚುಕಟ್ಟಾಗಿ ೯೮೧ ಬಂದಿರುತ್ತದೆ. ಉತ್ತರದಿಂದ ಹಿಂದಕ್ಕೆ ಲೆಕ್ಕ ಕಟ್ಟಿಕೊಂಡು ಬಂದು ಆಂದೋಲನದ ಕಾಲಗಳನ್ನು ತುಂಬಿರುತ್ತಾರೆ. ಪುಸ್ತಕದ ಆ ಅಂಕಿ ನಡು ಅಕ್ಷಾಂಶಗಳಿಗೆ ಸಲ್ಲುವಂಥದು. ಭೂಮಿ ನಡುವಿನಲ್ಲಿ ಉಬ್ಬಿ ತಿರುಗುತ್ತಿರುವುದರಿಂದ ಸಮಭಾಜಕದ ಕಡೆಗೆ ಬಂದಂತೆ ಅದು ಇಳಿಯುತ್ತದೆ, ಎತ್ತರಕ್ಕೆ ಹೋದಂತೆ ಇನ್ನಷ್ಟು ಇಳಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು ೯೭೮. ಶಾಂತವಾಗಿ ನೂರು ಆಂದೋಲನಗಳನ್ನು ಎಣಿಸಿ, ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಸರಿಯಾಗಿ ಅಳೆದ ವಿದ್ಯಾರ್ಥಿಗೆ ೯೭೭, ೯೭೯ ಬರುತ್ತದೆ. ಅವನು ಹೆದರಿ ಅದನ್ನು ಅಳಿಸಿ ೯೮೧ ಮಾಡುತ್ತಾನೆ! ತನ್ನ ಊರಿನ ನಿಜವನ್ನು ಕೈಯಾರೆ ಹಿಡಿದವನು ಬೇರೆ ಊರಿನ ಅಂಕಿಗಾಗಿ ಅದನ್ನು ಬಿಟ್ಟುಕೊಡುವುದನ್ನು ನೋಡಿದಾಗ ನನಗಾಗುವ ಸಂಕಟವನ್ನು ಹೇಳಲಾರೆ. ಹದಿನಾರು ಸಾವಿರ ಮೀಟರ್ ಆಳದ ಕಡಲೂ ಹೀಗೆಯೇ ಹುಟ್ಟಿದ್ದು.

ಕನ್ನಡದಲ್ಲಿ ಸಾಹಸದ ಕಥೆಗಳನ್ನು ಬರೆಯಬಯಸುವ ತರುಣರಿಗೂ ಇದೇ ಮಾತು ಸಲ್ಲುತ್ತದೆ. ಆಫ್ರಿಕದ ವಜ್ರದ ಗಣಿ, ಅಮೆಜಾನಿನ ಕಾಡು ಎಂದು ಬರೆಯುವವರ ಕಾಡಿನಲ್ಲಿ ಒಂದು ಮರಕ್ಕೂ ಹೆಸರಿರುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಿಕೊಂಡಿದ್ದು, ಮೀನು ಹಿಡಿಯುತ್ತ, ಹಕ್ಕಿಗಳ ಛಾಯಾಚಿತ್ರ ತೆಗೆಯುತ್ತ, ಕಾಡಿನಲ್ಲಿ ತಿರುಗುತ್ತ ಇದ್ದವರು. ೧೯೮೦ರ ‘ಕರ್ವಾಲೊ’ದಲ್ಲಿ ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ ಮತ್ತು ಅವರ ಜೊತೆಯವರು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಅವರು ಹೋದದ್ದು ಮನೆಯಿಂದ ಕೆಲವೇ ಮೈಲಿ, ಸಾಹಸಕ್ಕೆ ಕೊರತೆಯಾಗಲಿಲ್ಲ. ಪಕ್ಕೆಲುಬುಗಳು ಹೊರಚಾಚಿ ಹಿಡಿದ ತೊಗಲಿನ ಮೇಲೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಕೂಡ, ತಾಳ್ಮೆಯಿಂದ ತಲೆಯೆತ್ತಿ ನೋಡುವವರಿಗೆ ಅದು ಕಾಣಸಿಗುತ್ತದೆ.

ವರ್ನ್‌ನ ಬಗೆಗಿನ ಈ ಮಾತನ್ನು ಅವನದೇ ಇನ್ನೊಂದು ಪುಸ್ತಕದಿಂದ ಮುಗಿಸುತ್ತೇನೆ. ಸ್ಕಾಟ್ಲೆಂಡಿಗೆ ಅವನು ೧೮೫೯ರಲ್ಲಿ ಮೊದಲು ಹೋದನು, ಮುಂದೆ ತನ್ನ ಸ್ವಂತ ಹಡಗಿನಲ್ಲಿ ಮತ್ತೆ ಹೋದನು. ಆ ತೀರವನ್ನು ಕಥಾಸ್ಥಾನವಾಗಿಟ್ಟು ೧೮೮೨ರಲ್ಲಿ ‘ಹಸುರು ಕಿರಣ’ವನ್ನು ಬರೆದನು. ಸೂರ್ಯ ಕಡಲಿನಲ್ಲಿ ಮುಳುಗುವ ಕೊನೆಯ ಗಳಿಗೆಯಲ್ಲಿ ಒಮ್ಮೊಮ್ಮೆ ಮಿಂಚುವ ಹಸುರು ಬೆಳಕನ್ನು ನೋಡಿಯೇ ತೀರಬೇಕೆಂದು ಹೊರಟ ತರುಣಿಯೊಬ್ಬಳ ಕಥೆಯದು. ಆ ಪುಸ್ತಕ ಬಂದ ಬಳಿಕ ವಿಜ್ಞಾನಿಗಳೂ ಈ ಬೆಳಕಿನ ಬಗ್ಗೆ ಹೆಚ್ಚು ಗಮನ ಕೊಟ್ಟರು. ವಾಯುಮಂಡಲವು ದಿಗಂತದ ಬಳಿ ದೊಡ್ಡ ಅಶ್ರಗದಂತೆ ವರ್ತಿಸಿ ಕೆಂಪನ್ನು ಕಡಿಮೆಯಾಗಿಯೂ ಹಸುರು ನೀಲಿಗಳನ್ನು ಹೆಚ್ಚಾಗಿಯೂ ಬಾಗಿಸುತ್ತದೆ. ಸೂರ್ಯನ ಕೆಂಪು ಬಿಂಬ ಮೊದಲು ಮುಳುಗಿ ಹಸುರು ಅಂಚು ಕ್ಷಣಕಾಲ ಮೇಲುಳಿಯುತ್ತದೆ. ನೀಲಿಯು ದಾರಿಯಲ್ಲಿಯೇ ಚದರಿಹೋಗಿರುತ್ತದೆ. ಕಾರವಾರದಲ್ಲಿಯೋ ಮಲ್ಪೆಯಲ್ಲಿಯೋ ಇರುವ ವಿದ್ಯಾರ್ಥಿಗಳಿಗೆ ಇದನ್ನು ಹುಡುಕಲು ಸ್ಕಾಟ್ಲೆಂಡ್ ಬೇಕಿಲ್ಲ. ಮಳೆಗಾಲ ಕಳೆದು, ದಿಗಂತದಲ್ಲಿ ಮೋಡವಾಗಲಿ ಮಂಜಾಗಲಿ ಇಲ್ಲದ ಸಂಜೆಯನ್ನು ಆರಿಸಿಕೊಳ್ಳಬೇಕು. ನಮ್ಮ ಕಡೆ ಸೂರ್ಯ ನೆಟ್ಟಗೆ ಇಳಿಯುವುದರಿಂದ ಸಿಗುವುದು ಒಂದು ಸೆಕೆಂಡು; ಅಲ್ಲಿ ಅವನು ಓರೆಯಾಗಿ ಇಳಿಯುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಬಿಂಬದ ಕೊನೆಯ ಎಳೆ ಉಳಿಯುವವರೆಗೆ ಸೂರ್ಯನ ಕಡೆ ನೋಡಕೂಡದು, ದುರ್ಬೀನನ್ನಂತೂ ಹಿಡಿಯಲೇಕೂಡದು, ಕಣ್ಣು ಹೋದೀತು. ಕಥೆಯ ತರುಣಿಗೆ ಆ ಕಿರಣ ಕಾಣಲಿಲ್ಲ. ಅದು ಮಿಂಚಿದ ಹೊತ್ತಿನಲ್ಲಿ ಅವಳೂ ಅವಳ ಪ್ರಿಯನೂ ಒಬ್ಬರನ್ನೊಬ್ಬರು ನೋಡುತ್ತಿದ್ದರು.